ಚೇಂಬರಿನಿಂದ ಹಿತ್ತಲಿಗೆ ಎಷ್ಟು ದೂರ?

ಹುಬ್ಬಳ್ಳಿ-ಧಾರವಾಡದಲ್ಲಿ ಒಂದೇ ರಸ್ತೆಯನ್ನು ನೀರಿನ ಪೈಪಿಗೊಮ್ಮೆ, ಒಳಚರಂಡಿಗೊಮ್ಮೆ, ಅಡುಗೆ ಅನಿಲದ ಕೊಳವೆಗೊಮ್ಮೆ, ಕೇಬಲ್ಲಿಗೊಮ್ಮೆ ಅಗೆಯುವುದನ್ನು ನೋಡಿದವರಿಗೆ ಎರಡು ಪ್ರಶ್ನೆಗಳು ಏಳುವುದು ಸಹಜ. ಪೈಪು ಹಾಕಿ ವರ್ಷಗಳಾದರೂ ಓಣಿಗೆ ಟ್ಯಾಂಕರ್ ಬರುವುದು ನಿಂತಿಲ್ಲವೇಕೆ? ಮನೆ ಮುಂದೆಯೇ ಒಳಚರಂಡಿಯ ಚೇಂಬರ್ ಇದ್ದರೂ ಹಿತ್ತಲಿನ ಗುಂಡಿ ಖಾಲಿ ಮಾಡಿಸಲು ಗಾಡಿ ಕರೆಸುವುದೇಕೆ? ಪಾಲಿಕೆ, ಜಲಮಂಡಳಿ, ಗುತ್ತಿಗೆ ಕಂಪನಿ, ವಿಶ್ವಬ್ಯಾಂಕ್, ಮಹದಾಯಿ ಎಂಬ ಹೆಸರುಗಳೆಲ್ಲ ಒಟ್ಟಿಗೆ ಕಿವಿಗೆ ಬೀಳುವುದರಿಂದ ಯಾವ ಎಳೆ ಎಲ್ಲಿಂದ ಹೊರಟಿತು ಎಂಬುದೇ ಮರೆತುಹೋಗಿದೆ.

ಹಳೆಯದನ್ನು ಬೇಗ ಮುಗಿಸೋಣ. ಕೆರೆ, ಬಾವಿಗಳ ಕಾಲ ಕಳೆದ ಮೇಲೆ, 1950ರ ದಶಕದಲ್ಲಿ ಕಲಘಟಗಿ ತಾಲ್ಲೂಕಿನ ನೀರಸಾಗರ ಹುಬ್ಬಳ್ಳಿಯ ಬಾಯಾರಿಕೆ ತಣಿಸತೊಡಗಿತು. 1962ರಲ್ಲಿ ಎರಡೂ ಊರು ಸೇರಿ ಒಂದು ಮಹಾನಗರ ಪಾಲಿಕೆಯಾಯಿತು. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಿದ್ದ ಮೇಲೆ ರೇಣುಕಾಸಾಗರದ ನೀರು ಅಮ್ಮಿನಭಾವಿಯಲ್ಲಿ ಶುದ್ಧಗೊಂಡು ಅವಳಿ ನಗರಕ್ಕೆ ಬರತೊಡಗಿತು. ನದಿಯಿಂದ ಧಾರವಾಡಕ್ಕೆ ಸುಮಾರು 40 ಕಿ.ಮೀ. ದೂರ; ಅಷ್ಟೇ ಅಲ್ಲ, ನೂರು ಮೀಟರಿಗೂ ಹೆಚ್ಚು ಏರು. ಅಂದರೆ ನಮ್ಮ ನಳದಲ್ಲಿ ಬರುವ ಮಲಪ್ರಭೆಯ ಪ್ರತಿ ಕೊಡವೂ ವಿದ್ಯುತ್ ಖರ್ಚು ಮಾಡಿ ಗುಡ್ಡ ಹತ್ತಿಸಿದ ನೀರು. ಜಲಾಶಯದಿಂದ ನೀರೆತ್ತುವ ಜಾಕ್‌ವೆಲ್‌ನಲ್ಲಿ ಕರೆಂಟ್ ಹೋದ ದಿನ ವಿದ್ಯಾನಗರದಲ್ಲಿ ನೀರು ಏಕೆ ಬರುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನೀರು ಹತ್ತಿ ಬರುತ್ತಿದ್ದ ಅವಧಿಯಲ್ಲೇ ಊರು ಕೆಳಗೆ, ಬದಿಗೆ, ಹೊಲಗಳೊಳಗೆ ಹರಡುತ್ತಿತ್ತು. ಎರೆಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದರು. ಮೊದಲು ಮನೆ ಎದ್ದಿತು, ಆಮೇಲೆ ವಿದ್ಯುತ್ ಕಂಬ ಬಂತು, ಅದಾದ ಮೇಲೆ ರಸ್ತೆ. ನೀರು ಮತ್ತು ಒಳಚರಂಡಿ ಸಾಲಿನ ಕೊನೆಗೆ ನಿಂತವು. ನಕ್ಷೆ ಮಂಜೂರಾಗದ ಬಡಾವಣೆಗೆ ಸೌಲಭ್ಯ ಕೊಟ್ಟರೆ ಅಕ್ರಮಕ್ಕೆ ಮುದ್ರೆ ಒತ್ತಿದಂತಾಗುತ್ತದೆ ಎಂದು ಕಚೇರಿಯಲ್ಲಿ ವಾದಿಸಬಹುದು. ಮತ ಕೇಳಲು ಹೋದಾಗ ಆ ವಾದ ನಡೆಯುವುದಿಲ್ಲ. ಹಾಗಾಗಿ ಅಲ್ಲೊಂದು ಬೋರ್, ಇಲ್ಲೊಂದು ಮಿನಿ ಟ್ಯಾಂಕ್, ಮತ್ತೊಂದು ಕಡೆ ಮುಖ್ಯ ಕೊಳವೆಗೆ ತೂತು ಕೊರೆದು ಎಳೆದ ಅರ್ಧ ಇಂಚಿನ ಪೈಪು. ಇದನ್ನೆಲ್ಲ ಯಾರೂ ನಕ್ಷೆಯಲ್ಲಿ ಬರೆದಿಡಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಹೊಸ ಜಾಲ ಹಾಕಲು ಬಂದ ಎಂಜಿನಿಯರುಗಳು ಹಳೆಯ ಕೊಳವೆ ಎಲ್ಲಿದೆ ಎಂದು ಕೇಳಬೇಕಾದದ್ದು ವಾಲ್ವ್‌ಮನ್‌ಗಳನ್ನೇ.

ಈ ವಾಲ್ವ್‌ಮನ್‌ಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನೀರು ಕೆಲವು ತಾಸು ಮಾತ್ರ ಬಿಡುವ ಊರಿನಲ್ಲಿ ನಿಜವಾದ ವೇಳಾಪಟ್ಟಿ ಇರುವುದು ಅವರ ತಲೆಯಲ್ಲಿ. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು, ರಸ್ತೆಯ ಗುಂಡಿಯೊಳಗೆ ಇಳಿಸಿ, ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಓಣಿಗೆ ನೀರು ಏರುತ್ತದೆ, ಎಷ್ಟು ತಿರುಗಿಸಿದರೆ ಕೆಳಗಿನವರು ಜಗಳಕ್ಕೆ ಬರುತ್ತಾರೆ ಎಂಬುದು ಅವರಿಗೆ ಗೊತ್ತು. ನೀರು ಬಿಡುವ ಹೊತ್ತನ್ನು ಇವರಿಂದಲೇ ತಿಳಿದುಕೊಂಡು ಮನೆಯವರಿಗೆ ಮೊಬೈಲ್ ಸಂದೇಶ ಕಳಿಸುವ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಸುಮಾರು ಒಂದೂವರೆ ದಶಕದ ಹಿಂದೆ ಹುಬ್ಬಳ್ಳಿಯಲ್ಲಿ ಕೆಲಸ ಶುರುಮಾಡಿತ್ತು. ನೀರು ಯಾವಾಗ ಬರುತ್ತದೆ ಎಂಬ ಸುದ್ದಿಗೂ ಒಂದು ಸೇವೆ ಬೇಕಾಗಿತ್ತು ಎಂದರೆ ಪರಿಸ್ಥಿತಿ ಊಹಿಸಿಕೊಳ್ಳಿ.

2004ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳನ್ನು ಆರಿಸಿಕೊಂಡಿತು. ಊರಿನ ಒಂದು ಸಣ್ಣ ಭಾಗಕ್ಕೆ ಮಾತ್ರ ದಿನದ ಇಪ್ಪತ್ನಾಲ್ಕು ತಾಸು ನೀರು ಕೊಟ್ಟು ತೋರಿಸುವುದು ಉದ್ದೇಶ. ಅವಳಿ ನಗರದ ಆಗಿನ 67 ವಾರ್ಡುಗಳ ಪೈಕಿ ಎಂಟು ವಾರ್ಡುಗಳು ಅದರೊಳಗೆ ಬಂದವು. ನಿರ್ವಹಣೆ ಫ್ರೆಂಚ್ ಮೂಲದ ವಿಯೋಲಿಯಾ ಕಂಪನಿಯದು. ನೀರು ಖಾಸಗಿಯವರ ಪಾಲಾಗುತ್ತದೆ, ಬಡವರಿಗೆ ಬಿಲ್ಲು ಕಟ್ಟಲಾಗುವುದಿಲ್ಲ ಎಂಬ ವಿರೋಧ ಜೋರಾಗಿಯೇ ಇತ್ತು, ಅದರಲ್ಲಿ ಹುರುಳೂ ಇತ್ತು. ಆದರೆ ಆ ಗದ್ದಲದಲ್ಲಿ ಯೋಜನೆಯ ಮುಖ್ಯ ಪಾಠ ಮುಚ್ಚಿಹೋಯಿತು ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಹಳೆಯ ಕೊಳವೆಗೆ ತೇಪೆ ಹಾಕಲಿಲ್ಲ. ರಸ್ತೆಯ ಪೈಪಿನಿಂದ ಮನೆಯ ಮೀಟರಿನವರೆಗೆ ಇಡೀ ಜಾಲವನ್ನೇ ಹೊಸದಾಗಿ ಹಾಕಿದರು. ಮನೆಯ ಸಂಪರ್ಕವನ್ನು ಮಾಲೀಕನ ತಲೆನೋವು ಎಂದು ಬಿಡದೆ ಯೋಜನೆಯ ಕೆಲಸವೇ ಎಂದು ಪರಿಗಣಿಸಿದರು.

ಇದು ಏಕೆ ಮುಖ್ಯ ಎಂಬುದು ಮನೆ ಮುಂದಿನ ಗಟಾರದಲ್ಲಿ ಕಾಣಿಸುತ್ತದೆ. ಹಳೆಯ ಓಣಿಗಳಲ್ಲಿ ನಳದ ಪೈಪು ರಸ್ತೆಯಿಂದ ಮನೆಗೆ ಬರುವಾಗ ಗಟಾರವನ್ನು ದಾಟಲೇಬೇಕು. ಎಷ್ಟೋ ಕಡೆ ಅದು ಕೊಳಚೆಯಲ್ಲೇ ಮುಳುಗಿರುತ್ತದೆ, ತುಕ್ಕು ಹಿಡಿದಿರುತ್ತದೆ. ನೀರು ಬರುವಾಗ ಒತ್ತಡ ಇರುವುದರಿಂದ ತೂತಿನಿಂದ ಒಳಗಿನ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತ ಮೇಲೆ ಕೊಳವೆ ಖಾಲಿಯಾಗಿ ಅದೇ ತೂತು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಯಾರಾದರೂ ನಳಕ್ಕೇ ನೇರವಾಗಿ ಮೋಟರ್ ಹಚ್ಚಿದ್ದರೆ ಇನ್ನೂ ಬೇಗ. ಹಾಗಾಗಿಯೇ ನಮ್ಮ ಕಡೆ ತಾಯಂದಿರು ನಳ ಬಂದ ಕೂಡಲೇ ಮೊದಲ ಎರಡು ಕೊಡ ಚೆಲ್ಲುತ್ತಾರೆ. ಅದು ರೂಢಿಯಲ್ಲ, ಅನುಭವ. ಅವಳಿ ನಗರದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅನುಭವಕ್ಕೆ ಅಂಕಿ ಕೊಟ್ಟಿತು: ಬಿಟ್ಟು ಬಿಟ್ಟು ನೀರು ಬರುವ ಕಡೆ ನಳದ ನೂರು ಮಾದರಿಗಳಲ್ಲಿ ಸುಮಾರು ಮೂವತ್ತರಲ್ಲಿ ಮಲದ ಬ್ಯಾಕ್ಟೀರಿಯಾ ಕಂಡಿತು, ನಿರಂತರ ನೀರಿನ ವಾರ್ಡುಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಪ್ರಯೋಗ ಗೆದ್ದಿತು, ಉಳಿದ ಊರು ಕಾಯಿತು. ಎಂಟು ವಾರ್ಡುಗಳ ಆಚೆಗೆ ಇಡೀ ನಗರಕ್ಕೆ ಇದನ್ನು ಹಬ್ಬಿಸುವ ಎರಡನೇ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಮಂಜೂರಾದದ್ದು 2016ರಲ್ಲಿ. ಅದೇ ಹೊತ್ತಿಗೆ ಬರ ಬಂತು, ನೀರಸಾಗರ ಬತ್ತಿತು, ಹುಬ್ಬಳ್ಳಿಯ ಕೆಲವು ಬಡಾವಣೆಗಳಿಗೆ ಎಂಟು-ಹತ್ತು ದಿನಕ್ಕೊಮ್ಮೆ ನೀರು ಎಂಬ ಸ್ಥಿತಿ. ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ವ್ಯಾಜ್ಯ ಇನ್ನೊಂದು ಕಡೆ. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಈ ಎರಡು ನಾಲೆಗಳಿಂದ ಕುಡಿಯುವ ನೀರಿಗೆ ಸಿಕ್ಕದ್ದು 3.9 ಟಿಎಂಸಿ. ಮಹದಾಯಿ ಹೋರಾಟ ದೊಡ್ಡದು, ಬೇಕಾದದ್ದು ಕೂಡ. ಆದರೆ ಅದು ಮೂಲದ ಪ್ರಶ್ನೆ. ಬಂದ ನೀರು ಓಣಿಯ ಕೊನೆಯ ಮನೆಗೆ ಹೋಗುತ್ತದೆಯೇ ಎಂಬ ಪ್ರಶ್ನೆಗೆ ವೇದಿಕೆ ಸಿಕ್ಕಿದ್ದು ಕಡಿಮೆ.

ಎರಡನೇ ಯೋಜನೆಯ ಗುತ್ತಿಗೆ ಎಲ್ ಅಂಡ್ ಟಿ ಪಾಲಾಯಿತು. 2022ರಲ್ಲಿ ಜಲಮಂಡಳಿಯ ಕೈಯಲ್ಲಿದ್ದ ನಿರ್ವಹಣೆಯೂ ಕಂಪನಿಗೆ ಹೋಯಿತು. ಆ ಹಸ್ತಾಂತರದಲ್ಲಿ ಹೊರಗುತ್ತಿಗೆ ನೌಕರರ ಸಂಬಳದ ಪ್ರಶ್ನೆ ಬೀದಿಗೆ ಬಂತು, ನೀರು ಬಿಡುವುದು ಇನ್ನಷ್ಟು ಏರುಪೇರಾಯಿತು. ಯಾವ ವಾಲ್ವು ಎಲ್ಲಿದೆ ಎಂಬ ತಿಳಿವಳಿಕೆ ಕಡತದಲ್ಲಿಲ್ಲದ ಊರಿನಲ್ಲಿ ಅದನ್ನು ಬಲ್ಲವರನ್ನು ಅತಂತ್ರ ಮಾಡಿದರೆ ಏನಾಗಬೇಕೋ ಅದೇ ಆಯಿತು.

ಒಳಚರಂಡಿಯ ಕತೆ ಇನ್ನೂ ತೊಡಕಿನದು. ನೀರನ್ನು ಮೋಟರ್ ಹಚ್ಚಿ ಏರಿಸಬಹುದು. ಕೊಳಚೆ ತನ್ನಷ್ಟಕ್ಕೆ ಇಳಿಯಬೇಕು. 1970ರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ರಾಜ್ಯ ನಿಷೇಧಿಸಿದ ಬಳಿಕ ಹಳೆಯ ಮನೆಗಳ ಸಂಡಾಸಗಳು ಗುಂಡಿಗಳಾದವು, ಆದರೆ ಇದ್ದಲ್ಲೇ ಉಳಿದವು, ಅಂದರೆ ಹಿತ್ತಲಿನಲ್ಲಿ. ಮುಂದೆ ವಿಶ್ವಬ್ಯಾಂಕಿನ ಮತ್ತೊಂದು ಯೋಜನೆಯಲ್ಲಿ, 2015ರ ನಂತರ ಕೇಂದ್ರ ಸರ್ಕಾರದ ಅಮೃತ್ ಯೋಜನೆಯಲ್ಲಿ, ಒಳಚರಂಡಿಯ ಮುಖ್ಯ ಕೊಳವೆಗಳು ಬಂದವು, ಗಬ್ಬೂರಿನ ಬಳಿ ಸಂಸ್ಕರಣಾ ಘಟಕವೂ ಎದ್ದಿತು. ಕೊಳವೆ ಬಂದದ್ದು ಮನೆಯ ಮುಂದಿನ ರಸ್ತೆಗೆ.

ಹಳೇ ಹುಬ್ಬಳ್ಳಿಯ ಅಂಕಣದ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಅಕ್ಕಪಕ್ಕದ ಮನೆಗಳಿಗೆ ಗೋಡೆ ಒಂದೇ, ಸಂದು ಇಲ್ಲ. ಅರವತ್ತು ಅಡಿ ಉದ್ದದ ಮನೆಯಾದರೆ ನಾಲ್ಕು ಇಂಚಿನ ಕೊಳವೆಗೆ ಒಂದರಿಂದ ಒಂದೂವರೆ ಅಡಿ ಇಳಿಜಾರು ಬೇಕು, ಅದೂ ಪಡಸಾಲೆಯ ನೆಲ ಒಡೆದು, ದೇವರ ಕೋಣೆಯ ಪಕ್ಕದಲ್ಲಿ ಹಾದು. ಇಷ್ಟು ಮಾಡಲು ಮನೆಯವರು ಒಪ್ಪಿದರೂ ಹೊರಗೆ ಇನ್ನೊಂದು ತೊಡಕು ಕಾದಿರುತ್ತದೆ: ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಬಿದ್ದು ರಸ್ತೆಯೇ ಮನೆಗಿಂತ ಎತ್ತರವಾಗಿದೆ. ಚೇಂಬರಿನ ತಳ ಆಳವಾಗಿಲ್ಲದಿದ್ದರೆ ಕೊಳಚೆ ಮನೆಯಿಂದ ಹೊರಗೆ ಹೋಗುವ ಬದಲು ಮಳೆಗಾಲದಲ್ಲಿ ಚೇಂಬರಿನಿಂದ ಬಚ್ಚಲಿಗೆ ಬರುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ಹಳೆಯ ಕೊಳವೆಗಳ ಜೋಡಣೆ ಸಡಿಲವಾಗುವುದು ಬೇರೆ.

ಇಷ್ಟೆಲ್ಲದರ ಖರ್ಚು ಮನೆಯವರದು. ಜೋಡಿಸಿಕೊಳ್ಳಿ ಎಂದು ನೋಟಿಸ್ ಕೊಡುವ ಅಧಿಕಾರ ಪಾಲಿಕೆಗೆ ಕಾನೂನಿನಲ್ಲಿದೆ. ನೋಟಿಸಿಗೆ ನೆಲ ಒಡೆಯುವ ಕೂಲಿಯ ಲೆಕ್ಕ ಗೊತ್ತಿಲ್ಲ. ಹೀಗಾಗಿ ಸುಲಭದ ದಾರಿಯೊಂದು ಹುಟ್ಟಿಕೊಂಡಿದೆ: ಗುಂಡಿಯಿಂದ ಉಕ್ಕುವ ನೀರನ್ನು ಮಳೆನೀರಿನ ಗಟಾರಕ್ಕೆ ಬಿಡುವುದು. ಅದು ನಾಲೆ ಸೇರುತ್ತದೆ. ಉಣಕಲ್ ಕೆರೆಯಿಂದ ಊರ ನಡುವೆ ಹರಿಯುವ ನಾಲೆಯ ದಂಡೆಗೆ ಹಸಿರು ಕಾರಿಡಾರ್ ಮಾಡಿದರೂ ಮೂಗು ಮುಚ್ಚಿಕೊಂಡೇ ಅಡ್ಡಾಡಬೇಕಾದದ್ದು ಇದರಿಂದಲೇ. ಯೋಜನೆಯ ಪ್ರಗತಿಯನ್ನು ಹಾಕಿದ ಕೊಳವೆಯ ಕಿಲೋಮೀಟರಿನಲ್ಲಿ ಅಳೆಯುವವರೆಗೆ ಕೊನೆಯ ಅರವತ್ತು ಅಡಿ ಯಾರ ವರದಿಯಲ್ಲೂ ಕಾಣುವುದಿಲ್ಲ.

ಹೊರವಲಯದ ಗುಂಟಾ ಪ್ಲಾಟುಗಳಿಗೆ ಇದಕ್ಕೂ ಮೊದಲಿನ ತೊಡಕು ಕಾಗದಪತ್ರದ್ದು. ನಿಯಮ ಮೀರಿದ ನಿವೇಶನ, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಫೆಬ್ರವರಿಯಿಂದ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ತೆರಿಗೆ ಕಟ್ಟಿಸಿಕೊಳ್ಳಲು ಸಾಕಾಗುವ ಆ ಕಾಗದ ನಳಕ್ಕೂ ಚೇಂಬರಿಗೂ ಸಾಕೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. ತೆರಿಗೆ ತೆಗೆದುಕೊಂಡ ಮೇಲೆ ನೀರು ಕೊಡದಿರಲು ಯಾವ ಸಮರ್ಥನೆ ಉಳಿಯುತ್ತದೆಯೋ ನನಗಂತೂ ತಿಳಿಯದು.

ಗದಗ-ಬೆಟಗೇರಿಯವರು ಇದನ್ನು ಓದಿ ನಗಬಹುದು. ತುಂಗಭದ್ರೆಯ ನೀರಿಗೆ ವಾರಗಟ್ಟಲೆ ಕಾದವರಿಗೆ ಹುಬ್ಬಳ್ಳಿಯ ದೂರು ಶ್ರೀಮಂತರ ದೂರಿನಂತೆ ಕೇಳಿಸುತ್ತದೆ. ಹಾವೇರಿಯ ಪಾಡೂ ಅದೇ ನದಿಗೆ ಕಟ್ಟಿಕೊಂಡದ್ದು.

ಈಗ ಮತ್ತೊಂದು ಗಂಟು ಬಿದ್ದಿದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಧಾರವಾಡದವರ ಹಳೆಯ ಬೇಡಿಕೆ ಅದು, ಅನುದಾನವೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಎಂಬ ಬೇಸರದಿಂದ ಹುಟ್ಟಿದ್ದು. ಕಚೇರಿ, ವಾರ್ಡು, ಸಿಬ್ಬಂದಿಯನ್ನು ಪಾಲು ಮಾಡಬಹುದು. ಅಮ್ಮಿನಭಾವಿಯ ಶುದ್ಧೀಕರಣ ಘಟಕ ಧಾರವಾಡದ ಮಗ್ಗುಲಲ್ಲಿದೆ, ಅಲ್ಲಿಂದ ಹೊರಡುವ ನೀರು ಹುಬ್ಬಳ್ಳಿಗೂ ಬೇಕು. ನಿರಂತರ ನೀರಿನ ಗುತ್ತಿಗೆ ಎರಡೂ ಊರಿಗೆ ಸೇರಿ ಒಂದೇ. ಪಂಪಿನ ವಿದ್ಯುತ್ ಬಿಲ್ಲು, ಬಾಕಿ ಉಳಿದ ನೀರಿನ ಕರ, ಅರ್ಧಕ್ಕೆ ನಿಂತ ಮನೆ ಜೋಡಣೆಗಳು ಯಾವ ಪಾಲಿಕೆಯ ಕಡತಕ್ಕೆ ಸೇರುತ್ತವೆ ಎಂಬುದನ್ನು ಗಡಿ ಎಳೆಯುವ ಮೊದಲೇ ಬರೆದಿಡಬೇಕಾಗುತ್ತದೆ.