ಉಪ್ಪಾಗೆ ಮಾತ್ರೆಗೆ ಐದು ಸ್ಟಾರ್: ಸುಳ್ಳು ರಿವ್ಯೂಗೆ ಅಂಗಡಿ ಹೊಣೆಯೇ?

ಮಲೆನಾಡಿನವರಿಗೆ ಉಪ್ಪಾಗೆ ಪರಿಚಯದ ಹಣ್ಣು. ಮಳೆಗಾಲದಲ್ಲಿ ಕಾಡಿನಿಂದ ಆರಿಸಿ ತಂದು, ಸಿಪ್ಪೆಯನ್ನು ಬೆಂಕಿಯ ಮೇಲೆ ಕಪ್ಪಗಾಗುವ ತನಕ ಒಣಗಿಸುವುದು, ಬೀಜದಿಂದ ತುಪ್ಪ ತೆಗೆಯುವುದು ಉತ್ತರ ಕನ್ನಡದ ಕಾಡಂಚಿನ ಮನೆಗಳ ಹಳೆಯ ಕೆಲಸ. ಆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆ ಎಂಬ ಮಾತು ಅಮೆರಿಕದಲ್ಲಿ ಹಬ್ಬಿದ ಮೇಲೆ ಅದೇ ಉಪ್ಪಾಗೆ ‘ಗಾರ್ಸೀನಿಯಾ ಕಂಬೋಜಿಯಾ’ ಎಂಬ ಹೆಸರು ಹೊತ್ತು ಮಾತ್ರೆಯಾಗಿ ಡಬ್ಬಿ ಸೇರಿತು. ಸುಳ್ಳು ರಿವ್ಯೂಗಳ ಕಾನೂನು ಚರಿತ್ರೆಯಲ್ಲೂ ಈ ಹಣ್ಣಿಗೊಂದು ಜಾಗವಿದೆ.

2019ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಕ್ಯೂರ್ ಎನ್‌ಕ್ಯಾಪ್ಸುಲೇಷನ್ಸ್ ಎಂಬ ಕಂಪನಿಯ ಮೇಲೆ ಹಾಕಿದ್ದ ಪ್ರಕರಣವನ್ನು ಪ್ರಕಟಿಸಿತು. ಬೇರೆಯವರ ಶಾಪಿಂಗ್ ತಾಣದಲ್ಲಿ ದುಡ್ಡು ಕೊಟ್ಟು ಸುಳ್ಳು ರಿವ್ಯೂ ಹಾಕಿಸಿದ್ದಕ್ಕೆ ಎಫ್‌ಟಿಸಿ ಹೂಡಿದ ಮೊದಲ ಪ್ರಕರಣ ಅದು. ಕಂಪನಿ ಅಮೆಜಾನ್‌ನಲ್ಲಿ ಗಾರ್ಸೀನಿಯಾ ಮಾತ್ರೆ ಮಾರುತ್ತಿತ್ತು. ರಿವ್ಯೂ ಕೊಂಡದ್ದು ‘ಅಮೆಜಾನ್ ವೆರಿಫೈಡ್ ರಿವ್ಯೂಸ್’ ಎಂದು ಹೆಸರಿಟ್ಟುಕೊಂಡೇ ಬಹಿರಂಗವಾಗಿ ವ್ಯಾಪಾರ ಮಾಡುತ್ತಿದ್ದ ವೆಬ್‌ಸೈಟಿನಿಂದ. ಮಾರಾಟ ಆಗಬೇಕಾದರೆ ಸರಾಸರಿ 4.3 ಸ್ಟಾರ್ ಇರಲೇಬೇಕು ಎಂದು ಮಾತ್ರೆ ಕಂಪನಿಯ ಮಾಲೀಕ ಆ ವೆಬ್‌ಸೈಟಿನವರಿಗೆ ತಿಳಿಸಿದ್ದ ಎಂಬುದು ಎಫ್‌ಟಿಸಿಯ ಆರೋಪ. ಒಪ್ಪಂದದಲ್ಲಿ 1.28 ಕೋಟಿ ಡಾಲರ್ ದಂಡ ಬರೆಯಲಾಯಿತು. 50,000 ಡಾಲರ್ ಕಟ್ಟಿ ಇನ್ನು ಕೆಲವು ಷರತ್ತು ಪೂರೈಸಿದರೆ ಉಳಿದದ್ದು ಅಮಾನತು.

ಅಂಥ ಸರಾಸರಿಯನ್ನು ಲೆಕ್ಕ ಹಾಕಿ, ಹಳದಿ ಬಣ್ಣ ತುಂಬಿ, ಮಾತ್ರೆಯ ಹೆಸರಿನ ಕೆಳಗೆ ತೋರಿಸಿದ್ದು ಮಾತ್ರ ಅಮೆಜಾನ್. ಪ್ರಕರಣದಲ್ಲಿ ಅದು ಆರೋಪಿಯಲ್ಲ. ಅದಕ್ಕೂ ಮೊದಲು ಕೋರ್ಟಿನಲ್ಲಿ ಅದು ಕಾಣಿಸಿಕೊಂಡಿದ್ದು ದೂರುದಾರನಾಗಿ: 2015ರ ಅಕ್ಟೋಬರ್‌ನಲ್ಲಿ, ಫೈವರ್ ತಾಣದಲ್ಲಿ ರಿವ್ಯೂ ಬರೆದುಕೊಡುತ್ತೇವೆಂದು ಜಾಹೀರಾತು ಹಾಕಿದ್ದ 1,114 ಅನಾಮಿಕರ ಮೇಲೆ ಮೊಕದ್ದಮೆ ಹೂಡಿತ್ತು. ಬರೆದವನು ತಪ್ಪಿತಸ್ಥ, ಬರೆಸಿದವನು ತಪ್ಪಿತಸ್ಥ, ತೋರಿಸಿ ಕಮಿಷನ್ ಪಡೆದವನು ಸಂತ್ರಸ್ತ. ಕಾನೂನು ಇಲ್ಲಿಗೆ ಹೇಗೆ ಬಂತು ಎಂದರೆ ಸ್ವಲ್ಪ ಹಿಂದೆ ಹೋಗಬೇಕು.

ಅಮೆರಿಕದ ಕಥೆ ಚಿಕ್ಕದು. 1995ರಲ್ಲಿ ನ್ಯೂಯಾರ್ಕಿನ ಕೋರ್ಟೊಂದು, ಪ್ರಾಡಿಜಿ ಎಂಬ ಆನ್‌ಲೈನ್ ಸೇವೆ ಬಳಕೆದಾರರ ಬರಹಗಳನ್ನು ಸೋಸುತ್ತಿರುವುದರಿಂದ ಅದೂ ಪ್ರಕಾಶಕನೇ, ಮಾನಹಾನಿಗೆ ಅದೂ ಹೊಣೆ ಎಂದಿತು. ಸೋಸಿದವನಿಗೆ ಶಿಕ್ಷೆ, ಕಣ್ಣು ಮುಚ್ಚಿ ಕೂತವನಿಗೆ ಕ್ಷಮೆ ಎಂಬಂತಾಯಿತು. ಮರುವರ್ಷವೇ ಅಲ್ಲಿನ ಸಂಸತ್ತು ಸೆಕ್ಷನ್ 230 ತಂದು, ಬೇರೆಯವರು ಬರೆದದ್ದಕ್ಕೆ ತಾಣವನ್ನು ಪ್ರಕಾಶಕನೆಂದು ಕಾಣುವಂತಿಲ್ಲ ಎಂದು ವಿಧಿಸಿತು.

ನಮ್ಮಲ್ಲಿ ಈ ರಕ್ಷಣೆಗೆ ನೂಕಿದ್ದು ಬಾಜಿ ಡಾಟ್ ಕಾಂ ಪ್ರಕರಣ. 2004ರಲ್ಲಿ ಆ ಹರಾಜು ತಾಣದಲ್ಲಿ ಯಾರೋ ಒಂದು ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟರು, ಪೊಲೀಸರು ಕಂಪನಿಯ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನೇ ಬಂಧಿಸಿದರು. ಉದ್ಯಮ ಬೆಚ್ಚಿಬಿತ್ತು. 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಆದ ತಿದ್ದುಪಡಿಯಲ್ಲಿ ಸೆಕ್ಷನ್ 79 ಈಗಿನ ರೂಪ ಪಡೆಯಿತು. ತಾಣ ಬರೀ ಮಧ್ಯವರ್ತಿಯಾಗಿದ್ದರೆ, ಮಾಹಿತಿಯನ್ನು ತಾನಾಗಿ ಆಯ್ದು ತಿದ್ದದಿದ್ದರೆ, ತಕ್ಕ ಎಚ್ಚರ ವಹಿಸಿದ್ದರೆ ಹೊಣೆಯಿಲ್ಲ. ತಪ್ಪು ಗೊತ್ತಾದ ಮೇಲೂ ಸುಮ್ಮನಿದ್ದರೆ ಮಾತ್ರ ಹೊಣೆ. ಆ ‘ಗೊತ್ತಾಗುವುದು’ ಎಂದರೆ ಕೋರ್ಟಿನ ಅಥವಾ ಸರ್ಕಾರದ ಆದೇಶ ಕೈಸೇರುವುದು ಎಂದು 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಿಗಿ ಮಾಡಿತು. ಮಾತಿನ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಒಳ್ಳೆಯ ತೀರ್ಪು, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚಪ್ಪಲಿಯ ರಿವ್ಯೂ ಸುಳ್ಳೆಂದು ಹೈಕೋರ್ಟಿನಿಂದ ಆದೇಶ ತರುವವರು ಯಾರು?

ಕರ್ನಾಟಕ ಹೈಕೋರ್ಟ್ ಕೂಡ ಈ ರಕ್ಷಣೆಯನ್ನು ಅಗಲವಾಗಿಯೇ ಓದಿದೆ. ಸ್ನ್ಯಾಪ್‌ಡೀಲ್‌ನಲ್ಲಿ ಮಾರಾಟಗಾರನೊಬ್ಬ ಪರವಾನಗಿಯಿಲ್ಲದೆ ಮಾತ್ರೆ ಮಾರಿದನೆಂದು ಮೈಸೂರಿನ ಔಷಧ ಪರಿವೀಕ್ಷಕರು ಕಂಪನಿ ಮತ್ತದರ ನಿರ್ದೇಶಕರ ಮೇಲೂ ದೂರು ಕೊಟ್ಟಿದ್ದರು. 2021ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಮಾರುವವನು ಮಾಡಿದ ತಪ್ಪಿಗೆ ಮಾರುವ ಜಾಗ ಕೊಟ್ಟವನು ಹೊಣೆಯಲ್ಲ ಎಂಬುದು ಅದರ ತಿರುಳು. ಸಂತೆ ಮಾಳ ಬಾಡಿಗೆಗೆ ಕೊಟ್ಟವನನ್ನು ಕೊಳೆತ ಟೊಮೆಟೊಗೆ ಹೊಣೆ ಮಾಡಬಾರದು ಎಂದ ಹಾಗೆ.

ಆದರೆ ಸಂತೆ ಮಾಳದ ಯಜಮಾನ ‘ಈ ಅಂಗಡಿಯ ಟೊಮೆಟೊ 4.3’ ಎಂದು ಬೋರ್ಡು ಬರೆದು ನೆಡುವುದಿಲ್ಲ. ನನ್ನ ತಕರಾರು ಇಷ್ಟೇ. ‘ಬ್ಯಾಟರಿ ಚೆನ್ನಾಗಿದೆ’ ಎಂಬ ಸಾಲು ಯಾರದೋ ಮಾತು ಇರಬಹುದು. ಸರಾಸರಿ ರೇಟಿಂಗ್, ಮೇಲೆ ಕಾಣುವ ಮೂರು ‘ಟಾಪ್’ ರಿವ್ಯೂ, ‘ಖರೀದಿ ದೃಢಪಟ್ಟಿದೆ’ ಎಂಬ ಮುದ್ರೆ, ಇವೆಲ್ಲ ತಾಣದ ಸ್ವಂತ ಮಾತು.

ಹೋದ ವರ್ಷ ಒಂದು ಇಯರ್‌ಫೋನ್ ತರಿಸಿದ್ದೆ. ಡಬ್ಬಿಯ ಒಳಗೆ ಹೊಳೆಯುವ ಒಂದು ಚೀಟಿ: ಐದು ಸ್ಟಾರ್ ಕೊಟ್ಟು, ಸ್ಕ್ರೀನ್‌ಶಾಟ್ ವಾಟ್ಸ್ಯಾಪ್ ಮಾಡಿದರೆ ನೂರು ರೂಪಾಯಿ ವಾಪಸ್. ಚೀಟಿಯ ಫೋಟೊ ಸಮೇತ ಒಂದು ಸ್ಟಾರ್ ರಿವ್ಯೂ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: ನಿಮ್ಮ ರಿವ್ಯೂ ನಮ್ಮ ಮಾರ್ಗಸೂಚಿಗೆ ಹೊಂದುವುದಿಲ್ಲ. ಇದು ಮಾರಾಟಗಾರನ ಬಗ್ಗೆ ಬರೆದದ್ದೇ ಹೊರತು ವಸ್ತುವಿನ ಬಗ್ಗೆ ಅಲ್ಲ ಎಂದು ಅವರ ವಾದವಿರಬಹುದು, ಇರಲಿ. ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಕೂತು ಆರಿಸುವವರು ಇದ್ದಾರೆ ಎಂದಂತೂ ಆಯಿತಲ್ಲ. ಸೆಕ್ಷನ್ 79ರ ‘ಆಯ್ದು ತಿದ್ದದ ಮಧ್ಯವರ್ತಿ’ ಎಲ್ಲಿ ಹೋದ? (ಚೀಟಿ ಈಗಲೂ ಇದೆ, ಬುಕ್‌ಮಾರ್ಕ್ ಮಾಡಿಕೊಂಡಿದ್ದೇನೆ.)

2020ರ ಜುಲೈಯಲ್ಲಿ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಇ–ಕಾಮರ್ಸ್ ನಿಯಮಗಳು ಬಂದಾಗ ಈ ಪ್ರಶ್ನೆ ಇತ್ಯರ್ಥವಾಗಬಹುದಿತ್ತು. ನಿಯಮದಲ್ಲಿ ರಿವ್ಯೂ ಪದ ಬರುತ್ತದೆ, ಆದರೆ ಎಲ್ಲಿ ಬರುತ್ತದೆ ನೋಡಿ. ಮಾರಾಟಗಾರ ತಾನೇ ಗ್ರಾಹಕನೆಂದು ಹೇಳಿಕೊಂಡು ರಿವ್ಯೂ ಹಾಕಕೂಡದು. ಸ್ವಂತ ದಾಸ್ತಾನು ಇಟ್ಟುಕೊಂಡು ಮಾರುವ ಕಂಪನಿಯೂ ಹಾಗೆ ಮಾಡಕೂಡದು. ಬೇರೆಯವರಿಗೆ ಮಾರಲು ಜಾಗ ಕೊಡುವ ತಾಣಗಳ, ಅಂದರೆ ಮಾರ್ಕೆಟ್‌ಪ್ಲೇಸ್‌ಗಳ, ಕರ್ತವ್ಯ ಹೇಳುವ ಐದನೇ ನಿಯಮದಲ್ಲಿ ಮಾತ್ರ ರಿವ್ಯೂ ಸುದ್ದಿಯಿಲ್ಲ. ವಸ್ತುಗಳ, ಮಾರಾಟಗಾರರ ಪಟ್ಟಿಯ ಮೇಲು–ಕೆಳಗು ಹೇಗೆ ನಿರ್ಧಾರವಾಗುತ್ತದೆ ಎಂದು ವಿವರಿಸಬೇಕು, ರಕ್ಷಣೆ ಬೇಕಿದ್ದರೆ ಸೆಕ್ಷನ್ 79ರ ಷರತ್ತು ಪಾಲಿಸಬೇಕು ಎಂಬಂಥ ಮಾತುಗಳಿವೆ. ಅನುಚಿತ ವ್ಯಾಪಾರ ಪದ್ಧತಿ ಕೂಡದು ಎಂಬ ಸಾಮಾನ್ಯ ಮಾತು ಎಲ್ಲರಿಗೂ ಅನ್ವಯ. ಆದರೆ ಚೀಟಿ ಇಟ್ಟು ಸ್ಟಾರ್ ಕೊಳ್ಳುವುದನ್ನು ತಾಣ ತಡೆಯಬೇಕು ಎಂದು ಅದರಲ್ಲಿ ಬಿಡಿಸಿ ಬರೆದಿಲ್ಲ.

ಆ ಹೊತ್ತಿಗೆ ವಂಚನೆಯ ವರಸೆಯೂ ಬದಲಾಗಿತ್ತು. 2023ರ ಫೆಬ್ರುವರಿಯಲ್ಲಿ ಎಫ್‌ಟಿಸಿ ವಿಟಮಿನ್ ಮಾರುವ ಬೌಂಟಿಫುಲ್ ಕಂಪನಿಗೆ 6 ಲಕ್ಷ ಡಾಲರ್ ಕಟ್ಟಿಸಿತು. ಅವರು ಒಂದೂ ಸುಳ್ಳು ರಿವ್ಯೂ ಬರೆಸಬೇಕಾಗಿರಲಿಲ್ಲ. ಒಂದೇ ವಸ್ತುವಿನ ಬೇರೆ ಬೇರೆ ಬಣ್ಣ, ಅಳತೆಗಳನ್ನು ಒಂದೇ ಪುಟದಲ್ಲಿ ತೋರಿಸಲು ಅಮೆಜಾನ್ ಕೊಟ್ಟಿರುವ ಸೌಲಭ್ಯ ಬಳಸಿ, ಚೆನ್ನಾಗಿ ಹೆಸರು ಮಾಡಿದ ಹಳೆಯ ಉತ್ಪನ್ನದ ಪುಟಕ್ಕೆ ಬೇರೆಯೇ ಆದ ಹೊಸ ಉತ್ಪನ್ನವನ್ನು ಅಂಟಿಸಿದರು. ಹಳೆಯದರ ಸ್ಟಾರ್, ‘ಬೆಸ್ಟ್ ಸೆಲ್ಲರ್’ ಬಿಲ್ಲೆ ಎಲ್ಲ ಹೊಸದಕ್ಕೆ ಬಂತು. ಅಂಟಿಸಲು ಗೋಂದು ಕೊಟ್ಟವರು ಯಾರು ಎಂಬುದು ಆ ಪ್ರಕರಣದಲ್ಲೂ ವಿಚಾರಣೆಗೆ ಬರಲಿಲ್ಲ.

2024ರ ಅಕ್ಟೋಬರ್‌ನಲ್ಲಿ ಜಾರಿಯಾದ ಎಫ್‌ಟಿಸಿ ನಿಯಮ ಸುಳ್ಳು ರಿವ್ಯೂ ಕೊಳ್ಳುವುದು, ಮಾರುವುದು ಎರಡಕ್ಕೂ ಪ್ರತಿ ಉಲ್ಲಂಘನೆಗೆ 51,744 ಡಾಲರ್‌ವರೆಗೆ ದಂಡ ಇಟ್ಟಿತು. ಬೇರೆಯವರ ರಿವ್ಯೂಗಳನ್ನು ಸುಮ್ಮನೆ ತೋರಿಸುವ ತಾಣಕ್ಕೆ ಅಲ್ಲೂ ವಿನಾಯಿತಿ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ, ಸಿಎಂಎ, 2021ರ ಜೂನ್‌ನಲ್ಲಿ ಅಮೆಜಾನ್ ಮತ್ತು ಗೂಗಲ್ ಮೇಲೆಯೇ ತನಿಖೆ ತೆರೆಯಿತು. ರಿವ್ಯೂ ಬರೆದವರನ್ನು ಹುಡುಕುವ ಬದಲು, ತಡೆಯಲು ನೀವೇನು ಮಾಡಿದಿರಿ ಎಂದು ಅಂಗಡಿಯನ್ನೇ ಕೇಳಿತು. 2025ರ ಏಪ್ರಿಲ್ 6ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ರಿವ್ಯೂ ಪ್ರಕಟಿಸುವವರು ಸುಳ್ಳು ರಿವ್ಯೂ ತಡೆಯಲು ಮತ್ತು ತೆಗೆಯಲು ಸಮಂಜಸವಾದ ಕ್ರಮ ಕೈಗೊಳ್ಳುವುದು ಕಡ್ಡಾಯ. ತಪ್ಪಿದರೆ ಕೋರ್ಟಿಗೆ ಹೋಗದೆಯೇ ಸಿಎಂಎ ಜಾಗತಿಕ ವಹಿವಾಟಿನ ಶೇ 10ರವರೆಗೆ ದಂಡ ಹಾಕಬಹುದು. ಗೂಗಲ್ ಆ ಜನವರಿಯಲ್ಲೂ ಅಮೆಜಾನ್ ಜೂನ್‌ನಲ್ಲೂ ಮುಚ್ಚಳಿಕೆ ಬರೆದುಕೊಟ್ಟವು. ಬೌಂಟಿಫುಲ್ ಮಾಡಿದಂಥ ಪುಟ ಅಂಟಿಸುವ ಆಟ ತಡೆಯುವುದೂ ಅಮೆಜಾನ್ ಕೊಟ್ಟ ಮಾತಿನಲ್ಲಿ ಸೇರಿದೆ. ಅದೇ ಗೋಂದು, ಈ ಸಲ ಲೆಕ್ಕ ಕೇಳಿದ್ದು ಗೋಂದಿನ ಯಜಮಾನನನ್ನು.

ನಮ್ಮಲ್ಲಿ ಅಂಗಡಿಯನ್ನೇ ಕೇಳುವ ಧೈರ್ಯ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಐಎಸ್‌ಐ ಗುರುತಿಲ್ಲದ ಪ್ರೆಷರ್ ಕುಕ್ಕರ್‌ಗಳನ್ನು ಮಾರಲು ಬಿಟ್ಟದ್ದಕ್ಕೆ ಅಮೆಜಾನ್ ಮತ್ತು ಬೆಂಗಳೂರಿನ ಫ್ಲಿಪ್‌ಕಾರ್ಟ್‌ಗೆ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ಅಮೆಜಾನ್‌ನಲ್ಲಿ ಮಾರಾಟವಾಗಿದ್ದು 2,265 ಕುಕ್ಕರ್, ಫ್ಲಿಪ್‌ಕಾರ್ಟ್‌ನಲ್ಲಿ 598. ನಾವು ಬರೀ ಮಧ್ಯವರ್ತಿ ಎಂಬ ವಾದ ಅಲ್ಲಿ ನಡೆಯಲಿಲ್ಲ. ಪ್ರತಿ ಕುಕ್ಕರ್‌ನಿಂದ ಶುಲ್ಕ ಗಳಿಸಿ, ಈಗ ಸಂಬಂಧವಿಲ್ಲ ಎಂದರೆ ಹೇಗೆ ಎಂದಿತು ಪ್ರಾಧಿಕಾರ. ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು.

ಅದೇ ವರ್ಷದ ನವೆಂಬರ್‌ನಲ್ಲಿ, ಕುಕ್ಕರ್‌ಗೆ ಗುರುತು ಕೊಡುವ ಅದೇ ಭಾರತೀಯ ಮಾನಕ ಬ್ಯೂರೊ ರಿವ್ಯೂಗಳಿಗೂ ಒಂದು ಮಾನಕ ಹೊರಡಿಸಿತು: ಐಎಸ್ 19000:2022. ಬರೆಯುವವನ ಗುರುತನ್ನು ಇಮೇಲ್, ಫೋನ್ ಮೂಲಕ ಖಚಿತಪಡಿಸಿಕೊಳ್ಳಬೇಕು, ಪ್ರಕಟಣೆಯ ಮೊದಲು–ನಂತರ ಪರಿಶೀಲನೆ ಹೇಗೆ ನಡೆಯಬೇಕು, ರಿವ್ಯೂ ನೋಡಿಕೊಳ್ಳುವ ಸಿಬ್ಬಂದಿಗೆ ಯಾವ ತರಬೇತಿ ಎಂದೆಲ್ಲ ಅದರಲ್ಲಿದೆ. ಓದಿದರೆ ಬ್ರಿಟನ್ನಿನವರು ಕೇಳುವುದಕ್ಕಿಂತ ಬಹಳ ಕಡಿಮೆಯೇನಿಲ್ಲ. ಆದರೆ ಐಚ್ಛಿಕ. ಗುರುತಿಲ್ಲದ ಕುಕ್ಕರ್ ಮಾರಿದರೆ ದಂಡ, ಅದೇ ಕುಕ್ಕರ್‌ಗೆ ಬಿದ್ದ ಸುಳ್ಳು ಸ್ಟಾರ್‌ಗಳಿಗೆ ತಾಣ ಮನಸ್ಸು ಮಾಡಿದರೆ ಮಾನಕ.

ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು ಕೇಂದ್ರ ಸರ್ಕಾರದ ಒಂದು ಗುಣಮಟ್ಟ ನಿಯಂತ್ರಣ ಆದೇಶದಿಂದ. 2024ರ ಮೇ ತಿಂಗಳಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇ–ಕಾಮರ್ಸ್ ಕಂಪನಿಗಳನ್ನು ದೆಹಲಿಗೆ ಕರೆದು ಕೂರಿಸಿ, ರಿವ್ಯೂಗಳಿಗೂ ಅಂಥದ್ದೇ ಆದೇಶ ತರುವ ಪ್ರಸ್ತಾವವನ್ನು ಮೇಜಿನ ಮೇಲಿಟ್ಟಿತು.