ಲೋ ವೋಲ್ಟೇಜ್‌ಗೆ ಮೋಟರು ಯಾಕೆ ಸುಡುತ್ತದೆ?

ಮಾರ್ಚ್ ಬಂತೆಂದರೆ ಶಿರಸಿ ಸುತ್ತಿನ ಅಡಿಕೆ ತೋಟಗಳಲ್ಲಿ ಎಲ್ಲರ ಪಂಪೂ ಒಟ್ಟಿಗೇ ಶುರುವಾಗುತ್ತವೆ. ಸಂಜೆ ಬಲ್ಬು ಕೆಂಪಗಾಗುತ್ತದೆ. ಹೋದ ಬೇಸಿಗೆಯಲ್ಲಿ ಪಕ್ಕದ ತೋಟದವರ ಮೋಟರು ಸುಟ್ಟಿತು. ದೃಷ್ಟಿ ತಾಗಿದೆ ಎಂದು ಪಂಪ್‌ಹೌಸಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ತಿಂಗಳೊಳಗೆ ಮತ್ತೆ ಸುಟ್ಟಿತು. "ಕರೆಂಟೇ ಕಮ್ಮಿ ಇತ್ತು. ಕಮ್ಮಿ ಕರೆಂಟಿಗೆ ಸುಡೋದು ಹೇಗೆ ಮಾರಾಯ್ರೆ?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ಆದರೆ ಕಮ್ಮಿ ಇದ್ದದ್ದು ವೋಲ್ಟೇಜು, ಕರೆಂಟಲ್ಲ. ತಂತಿಯಲ್ಲಿ ಹರಿಯುವುದು ಕರೆಂಟು, ಅದನ್ನು ತಳ್ಳುವ ಒತ್ತಡ ವೋಲ್ಟೇಜು.

ಮೊದಲು ನೀರು ಕಾಯಿಸುವ ರಾಡ್ ನೋಡೋಣ. ಮೇಲೆ 230 ವೋಲ್ಟ್, 1000 ವ್ಯಾಟ್ ಎಂದಿದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು, 4.35 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿನ ಹರಿವಿಗೆ ಇರುವ ಅಡ್ಡಿ, ಸುಮಾರು 53 ಓಮ್. ಈಗ ವೋಲ್ಟೇಜು 161ಕ್ಕೆ ಇಳಿಯಿತು ಅನ್ನಿ. ರೋಧ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಕರೆಂಟು 3 ಆಂಪಿಯರ್ ಚಿಲ್ಲರೆ. ಗುಣಿಸಿದರೆ ಬರೀ 490 ವ್ಯಾಟ್!

ವೋಲ್ಟೇಜು ಇಳಿದದ್ದು ನೂರಕ್ಕೆ ಮೂವತ್ತು, ಶಾಖ ಅರ್ಧ. ಯಾಕೆ? ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುತ್ತೇವಲ್ಲ, ಎತ್ತರ ಕಮ್ಮಿಯಾದರೆ ಬರುವ ನೀರೂ ಕಮ್ಮಿ, ಬಂದ ನೀರಿನ ರಭಸವೂ ಕಮ್ಮಿ. ಅಥವಾ ಕೊನೆಕೊಯ್ಲಿಗೆ ಹತ್ತು ಆಳಿನ ಬದಲು ಏಳೇ ಬಂದರು, ಒಬ್ಬೊಬ್ಬರೂ ಹತ್ತು ಸಲ ಹೊರುವಲ್ಲಿ ಏಳೇ ಸಲ ಹೊತ್ತರು ಅನ್ನಿ. ನೂರು ಹೊರೆಯ ಜಾಗದಲ್ಲಿ ಅಂಗಳಕ್ಕೆ ಬಂದದ್ದು 49. ಪೆಟ್ಟು ಎರಡು ಕಡೆಯಿಂದ!

ವೋಲ್ಟೇಜು ಇಳಿದ ಹಾಗೇ ಕರೆಂಟೂ ಇಳಿಯುತ್ತದೆ ಎಂಬ ಲೆಕ್ಕ ಕಂಡುಹಿಡಿದ ಗೆಯೋರ್ಗ್ ಓಮ್ ಜರ್ಮನಿಯ ಕಲೋನ್‌ನಲ್ಲಿ ಶಾಲಾ ಮೇಷ್ಟ್ರು. ಅವರಿಗೂ ವೋಲ್ಟೇಜಿನದೇ ಕಾಟ. ಆಗಿನ ಬ್ಯಾಟರಿ ನಮ್ಮ ಸಂಜೆಯ ಲೈನಿನ ಹಾಗೆ, ನೋಡನೋಡುತ್ತ ಇಳಿಯುತ್ತಿತ್ತು. ಕೊನೆಗೆ ಬಿಸ್ಮತ್ ಮತ್ತು ತಾಮ್ರ ಜೋಡಿಸಿ, ಒಂದು ತುದಿ ಕುದಿನೀರಿಗೆ, ಇನ್ನೊಂದು ಮಂಜುಗಡ್ಡೆಗೆ ಇಟ್ಟರು. ಅಲುಗಾಡದ ವೋಲ್ಟೇಜು ಸಿಕ್ಕಿತು. 1827ರಲ್ಲಿ ಪುಸ್ತಕ ಬಂತು. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟದ್ದು 1841ರಲ್ಲಿ.

ಇನ್ನು ಮೋಟರು. ರಾಡಿನ ಲೆಕ್ಕ ಇಲ್ಲಿ ನೇರವಾಗಿ ಹೊಂದುವುದಿಲ್ಲ. ರಾಡಿಗೆ ಯಾವ ಜವಾಬ್ದಾರಿಯೂ ಇಲ್ಲ, ಸಿಕ್ಕಷ್ಟು ತಗೊಂಡು ಸುಮ್ನೆ ಇರುತ್ತದೆ. ಮೋಟರಿಗೆ ನೀರು ಮೇಲೆತ್ತುವ ಕೆಲಸ ಇದೆ, ಬಾವಿಯ ಆಳವಂತೂ ಕಮ್ಮಿಯಾಗಲ್ಲ. ವೋಲ್ಟೇಜು ಇಳಿದಾಗ ವೇಗ ತುಸು ಕುಗ್ಗುತ್ತದೆ. ಆಗ ಅದೇ ಕೆಲಸಕ್ಕೆ ಜಾಸ್ತಿ ಕರೆಂಟು ಎಳೆಯುತ್ತದೆ. 161 ವೋಲ್ಟಿನಲ್ಲಿ ಸುಮಾರು 1.4 ಪಟ್ಟು ಅಂದುಕೊಳ್ಳಿ. ಮೋಟರಿನೊಳಗೆ ಸುತ್ತಿದ ತಂತಿಯ, ಅಂದರೆ ವೈಂಡಿಂಗಿನ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.4ನ್ನು 1.4ರಿಂದ ಗುಣಿಸಿ, ಹತ್ತಿರ ಹತ್ತಿರ ಎರಡು. ರಾಡಿನ ಶಾಖ ಅರ್ಧಕ್ಕಿಳಿದ ಅದೇ ಹೊತ್ತಿಗೆ ವೈಂಡಿಂಗಿನ ಶಾಖ ಇಮ್ಮಡಿ! ತಂತಿಯ ಮೇಲಿನ ವಾರ್ನಿಶ್ ಸೀದು, ಶಾರ್ಟ್ ಆಗಿ, ಹೊಗೆ. ಇದರಲ್ಲಿ ದೃಷ್ಟಿಯ ಪಾತ್ರ ಎಲ್ಲಿಂದ ಬಂತು?

ತೋಟದ ಮೂಲೆಯವರೆಗೆ ಎಳೆದ ತೆಳು ತಂತಿಯದೂ ಪಾಲಿದೆ. ಅದರ ರೋಧ 2 ಓಮ್ ಇದ್ದರೆ, 10 ಆಂಪಿಯರ್ ಹರಿಯುವಾಗ 20 ವೋಲ್ಟ್ ದಾರಿಯಲ್ಲೇ ಖರ್ಚು. 200 ವ್ಯಾಟ್ ತಂತಿ ಬಿಸಿ ಮಾಡಲಿಕ್ಕೇ ಹೋಯಿತು. ಕೈಗಾ ಅಣು ವಿದ್ಯುತ್ ಸ್ಥಾವರದಿಂದ ಘಟ್ಟ ಹತ್ತುವ ಲೈನುಗಳಲ್ಲಿ ವೋಲ್ಟೇಜು ಲಕ್ಷಗಟ್ಟಲೆ ಇಡುವುದು ಇದಕ್ಕೇ, ಕರೆಂಟು ಕಮ್ಮಿ ಸಾಕಾಗುತ್ತದೆ.

ಮೋಟರಿನ ಮೈಮೇಲಿನ ತಗಡಿನಲ್ಲಿ ಇಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಸ್ಟಾರ್ಟರ್ ಡಬ್ಬಿಯ ಮೀಟರಿನ ಮುಳ್ಳು ಅದನ್ನು ದಾಟಿದರೆ ಬಂದ್ ಮಾಡಿ, ರಾತ್ರಿ ಹತ್ತರ ಮೇಲೆ ಹಾಕಿ. ಪಕ್ಕದವರು ಈಗ ಹಾಗೇ ಮಾಡುತ್ತಿದ್ದಾರೆ, ನಿದ್ದೆಗೆಟ್ಟು ಬೈದುಕೊಳ್ಳುತ್ತ.