ಗುಳಿಗೆಗೆ ಸಿಗದ ಎಚ್‌ಐವಿ ಎಲ್ಲಿ ಅಡಗಿರುತ್ತದೆ?

2010ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಎಚ್‌ಐವಿ ಸೋಂಕಿನೊಂದಿಗೆ ಹುಟ್ಟಿದ ಮಗುವೊಂದಕ್ಕೆ ಸುಮಾರು 30 ಗಂಟೆಗಳಲ್ಲೇ ಔಷಧ ಆರಂಭಿಸಿದರು. ಒಂದೂವರೆ ವರ್ಷದ ಬಳಿಕ ಚಿಕಿತ್ಸೆ ನಿಂತುಹೋಯಿತು. ಆದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಸಾಮಾನ್ಯ ಪರೀಕ್ಷೆಯಲ್ಲಿ ವೈರಾಣು ಕಾಣಲಿಲ್ಲ. ಗುಣವಾಯಿತೇನೋ ಎಂದು ಎಲ್ಲರೂ ಆಸೆಪಟ್ಟಿದ್ದಾಗ, 2014ರಲ್ಲಿ ಅದು ಮರಳಿತು. ಅಷ್ಟು ದಿನ ಎಲ್ಲಿತ್ತು?

ಎಚ್‌ಐವಿ ಆರ್‌ಎನ್‌ಎ ವೈರಾಣು. ರೋಗನಿರೋಧಕ ವ್ಯವಸ್ಥೆಯ ಸಿಡಿ4 ಎಂಬ ಬಿಳಿ ರಕ್ತಕೋಶವನ್ನು ಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿ, ಆ ನಕಲನ್ನು ಕೋಶದ ಡಿಎನ್‌ಎಗೇ ಹೊಲಿದುಬಿಡುತ್ತದೆ. ನಮ್ಮ ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ಕೊಡುವ ಟಿಎಲ್‌ಡಿ ಗುಳಿಗೆಯನ್ನೇ ನೋಡಿ: ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ನಕಲನ್ನು ತಡೆಯುತ್ತವೆ, ಡೊಲುಟೆಗ್ರವಿರ್ ಹೊಲಿಗೆಯನ್ನು ತಡೆಯುತ್ತದೆ. ಆಗಲೇ ಬಿದ್ದಿರುವ ಹೊಲಿಗೆಯನ್ನು ಬಿಚ್ಚುವ ಔಷಧ ಇದರಲ್ಲಿಲ್ಲ. ಈ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಸೋಂಕು ತಗುಲಿದ ಕೋಶ ಚುರುಕಾಗಿದ್ದರೆ ವೈರಾಣುಗಳನ್ನು ಉತ್ಪಾದಿಸಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕೆಲವು ಮಾತ್ರ ಸಾಯದೆ ಸ್ಮೃತಿಕೋಶಗಳಾಗಿ ವಿಶ್ರಾಂತಿಗೆ ಇಳಿಯುತ್ತವೆ. ಹಿಂದೆ ಬಂದ ರೋಗವನ್ನು ದಶಕಗಟ್ಟಲೆ ನೆನಪಿಟ್ಟು ನಮ್ಮನ್ನು ಕಾಯಬೇಕಾದ ಕೋಶಗಳಿವು. ಆ ದೀರ್ಘಾಯುಷ್ಯವೇ ವೈರಾಣುವಿಗೆ ಆಶ್ರಯವಾಗುವುದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ವಿಶ್ರಾಂತಿಯಲ್ಲಿರುವಾಗ ವೈರಾಣುವಿನ ಜೀನ್‌ಗಳೂ ಸುಮ್ಮನಿರುತ್ತವೆ. ಅದರ ಪ್ರೋಟೀನ್ ಹೊರಗೆ ಕಾಣದ ಮೇಲೆ ರೋಗನಿರೋಧಕ ವ್ಯವಸ್ಥೆಗೆ ಗುರುತು ಸಿಗುವುದು ಹೇಗೆ?

ಚಿಕಿತ್ಸೆಯಲ್ಲಿರುವವರ ದೇಹದಲ್ಲೂ ಇಂಥ ಕೋಶಗಳಿವೆ ಎಂಬುದು 1997ರಲ್ಲಿ ಖಚಿತವಾಯಿತು. ಎಚ್ಚರಿಸಿದರೆ ಸೋಂಕು ಹರಡಬಲ್ಲ ವೈರಾಣು ಸಿಗುವುದು ವಿಶ್ರಾಂತಿಯಲ್ಲಿರುವ ಹತ್ತು ಲಕ್ಷ ಸಿಡಿ4 ಕೋಶಗಳಲ್ಲಿ ಸುಮಾರು ಒಂದರಲ್ಲಿ. ಈ ದಾಸ್ತಾನು ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಆ ಲೆಕ್ಕದಲ್ಲಿ ಗುಳಿಗೆಯೊಂದರಿಂದಲೇ ಅದು ಬರಿದಾಗಲು 70 ವರ್ಷ ದಾಟುತ್ತದೆ. ಸಾಲದೆಂಬಂತೆ, ಕೋಶ ವಿಭಜನೆಯಾದಾಗ ಹೊಲಿದ ಡಿಎನ್‌ಎಯೂ ಮರಿಕೋಶಗಳಿಗೆ ಹೋಗುತ್ತದೆ. ಅಲ್ಲಿ ನಕಲು ಮಾಡುವುದು ಕೋಶದ ಸ್ವಂತ ಕಿಣ್ವಗಳು, ವೈರಾಣುವಿನವಲ್ಲ, ಆದ್ದರಿಂದ ಎಆರ್‌ಟಿ ಅದನ್ನು ತಡೆಯದು.

ರಕ್ತದಲ್ಲಿ ವೈರಾಣು ಪತ್ತೆಯಾಗದ ಸ್ಥಿತಿ ತಲುಪಿ ಅದನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಗುಳಿಗೆಯ ಈ ಸಾಧನೆ ಸಣ್ಣದಲ್ಲ. ಆದರೆ ಗುಳಿಗೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ವೈರಾಣು ಮರಳುತ್ತದೆ. ಮಿಸಿಸಿಪಿಯ ಮಗುವಿನಲ್ಲಿ ಎಚ್ಚೆತ್ತದ್ದೂ ಇಂಥ ಕೋಶಗಳಲ್ಲಿ ಮಲಗಿದ್ದ ವೈರಾಣುವೇ. ಔಷಧ ಮತ್ತೆ ಕೊಟ್ಟಾಗ ಅದು ಹತೋಟಿಗೆ ಬಂದಿತು.